ವಿಭೂತಿ ಹಚ್ಚಿದ ಪಿಸ್ತೂಲು

ನಮ್ಮ ಮಾವನವರ ಪಿಸ್ತೂಲು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಅದರ ಗತ್ತು ಮಾತ್ರ ಇಡೀ ಹೊಳವನಹಳ್ಳಿಗೆ ಸಾಲುವಷ್ಟಿತ್ತು. ಹೊಳೆಗೆ ಸೇತುವೆ ಕಟ್ಟಿಸಲು ಬಂದಿದ್ದ ಬಿಳಿಯ ಎಂಜಿನಿಯರೊಬ್ಬ ಊರು ಬಿಡುವಾಗ ಅದನ್ನು ಅವರಿಗೆ ಮಾರಿದ್ದ. ಹುಣಸೆಹಣ್ಣಿನ ವ್ಯಾಪಾರಕ್ಕೆ ಗಾಡಿ ಕಟ್ಟಿಕೊಂಡು ಊರೂರು ತಿರುಗುವವರು, ದಾರಿಯಲ್ಲಿ ಕಳ್ಳರ ಭಯ ಎಂದು ಲೈಸೆನ್ಸನ್ನೂ ಮಾಡಿಸಿಕೊಂಡಿದ್ದರು. ಎದೆಯ ಮೇಲೆ ಲಿಂಗದ ಕರಡಿಗೆ, ಸೊಂಟದಲ್ಲಿ ಪಿಸ್ತೂಲು. ಇವೆರಡೂ ಇಲ್ಲದೆ ಅವರು ಊರ ಗಡಿ ದಾಟಿದ್ದನ್ನು ನಾನು ನೋಡಿಲ್ಲ.

ಜಗಲಿಗೆ ಯಾರೇ ಬರಲಿ, ಎಲೆ ಅಡಿಕೆಗಿಂತ ಮೊದಲು ಪಿಸ್ತೂಲು ಬರುತ್ತಿತ್ತು. ಹಿಡಿಯೊಳಗಿನ ಗುಂಡುಗಳ ಡಬ್ಬಿಯನ್ನು ಎಳೆದು ಪಕ್ಕಕ್ಕಿಟ್ಟು ಮಾವನವರು ಪಾಠ ಶುರು ಮಾಡುತ್ತಿದ್ದರು.

"ನೋಡ್ರಪ್ಪ, ಗುಂಡು ಮುಂದಕ್ಕೆ ಹಾರ್ತಿದ್ದಂಗೆ ಅದ್ರ ಒದೆತಕ್ಕೆ ಈ ಮೇಲಿನ ಮುಚ್ಚಳ ಹಿಂದಕ್ಕೆ ಹೋಗ್ತದೆ. ಹೋಗ್ತಾ ಖಾಲಿ ತೋಟೆ ಆಚೆಗೆಸೀತದೆ. ಒಳಗಿರೋ ಸ್ಪ್ರಿಂಗು ಮುಚ್ಚಳಾನ ಮತ್ತೆ ಮುಂದಕ್ಕೆ ತಳ್ತದೆ. ಬರ್ತಾ ಅದು ಇನ್ನೊಂದು ಗುಂಡು ತಂದು ಕೂರಿಸ್ತದೆ. ನಾವು ಬೆರಳು ಒತ್ತೋದು ಅಷ್ಟೇಯ."

ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ನನಗೆ ಆ ಯಂತ್ರದ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟಿತ್ತು. ಒದೆ ತಿಂದ ರಭಸದಲ್ಲೇ ಮುಂದಿನ ಕೆಲಸಕ್ಕೆ ಸಿದ್ಧವಾಗುವುದು ನಮ್ಮಂಥ ಸೊಸೆಯರಿಗೆ ಹೊಸದೇನಲ್ಲ.

ಶಿರಾದ ನನ್ನ ತವರಿನಲ್ಲಿ ತಂಗಿಯ ಮದುವೆ ಬಂತು. ಕಡಲೆಕಾಯಿ ಕೊಳ್ಳಲು ಪಾವಗಡಕ್ಕೆ ಹೋಗಿದ್ದ ನನ್ನ ಯಜಮಾನರು ಅಲ್ಲಿಂದಲೇ ಬರುವುದೆಂದೂ, ನನ್ನನ್ನು ಮಾವನವರು ಗಾಡಿಯಲ್ಲಿ ಕರೆದೊಯ್ಯುವುದೆಂದೂ ಆಗಿತ್ತು. ಹೊರಡುವ ಮುನ್ನ ಹಿತ್ತಲ ಮಣ್ಣುಗೋಡೆಗೆ ಎರಡು ಗುಂಡು ಹಾರಿಸಿ ನೋಡುವುದು ಅವರ ಪದ್ಧತಿ. ಅವತ್ತು ಮೊದಲನೆಯದು ಹಾರಿತು. ಹಿಂದಕ್ಕೆ ಹೋದ ಮುಚ್ಚಳ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಎಷ್ಟು ತಳ್ಳಿದರೂ ಮುಂದಕ್ಕೆ ಬರಲಿಲ್ಲ.

"ಇದ್ನ ರಿಪೇರಿ ಮಾಡೋರು ಶಿರಾದ ಸಾಹೇಬ್ರೊಬ್ರೇ ಕಣಮ್ಮ," ಎಂದರು ಮಾವ.

"ನಾವು ಹೋಗ್ತಿರೋದೂ ಶಿರಾಕ್ಕೇ ಅಲ್ವಾ ಮಾವ?"

"ಪಿಸ್ತೂಲಿಲ್ದೆ ಹೆಂಗಮ್ಮ ಹೋಗೋದು? ದಾರೀಲಿ ಏನಾದ್ರೂ ಆದ್ರೆ?"

ಪಿಸ್ತೂಲು ಸರಿಹೋಗಬೇಕಾದರೆ ಶಿರಾಕ್ಕೆ ಹೋಗಬೇಕು, ಶಿರಾಕ್ಕೆ ಹೋಗಬೇಕಾದರೆ ಪಿಸ್ತೂಲು ಸರಿಯಿರಬೇಕು. ಅಲ್ಲಿಗೆ ಪ್ರಯಾಣ ಬೇಡವೆಂದಾಯಿತು. ಗುಂಡುಗಳನ್ನು ತೆಗೆದು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು, ಪಿಸ್ತೂಲನ್ನು ಗೂಡಿನಲ್ಲಿಟ್ಟು, ಅವರು ಅಂಗಡಿಗೆ ಹೋದರು. ನಾನು ಎತ್ತಿ ಆಡಿಸಿದ ತಂಗಿಯ ಧಾರೆಗೆ ನಾನೇ ಇಲ್ಲವೆಂದರೆ! ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಎದ್ದು ಹೋಗಿ ಪಿಸ್ತೂಲನ್ನು ಕೈಗೆತ್ತಿಕೊಂಡೆ.

ಮುಚ್ಚಳದ ಸಂದಿಯಲ್ಲಿ ಬೂದು ಬಣ್ಣದ ಗಟ್ಟಿ ಗಾರೆ ಕಂಡಿತು. ಮೂಸಿದರೆ ಹರಳೆಣ್ಣೆ. ತಕ್ಷಣ ಎಲ್ಲ ತಿಳಿಯಿತು. ನಮ್ಮ ಮನೆಯಲ್ಲಿ ಪಿಸ್ತೂಲಿನ ಲೈಸೆನ್ಸು ಮಾವನವರದ್ದಾದರೂ ಅದರ ಪೂಜೆಯ ಹಕ್ಕು ನಮ್ಮತ್ತೆಯದು. ಪ್ರತಿ ಆಯುಧಪೂಜೆಗೂ ತಕ್ಕಡಿ, ಕೊಳಗ, ಮಚ್ಚುಗಳ ಸಾಲಿನಲ್ಲಿ ಅದನ್ನೂ ಕೂರಿಸಿ, ಹರಳೆಣ್ಣೆಯಲ್ಲಿ ಮೀಯಿಸಿ, ಮೈತುಂಬ ವಿಭೂತಿ ಬಳಿಯುತ್ತಿದ್ದರು. ವರ್ಷವರ್ಷದ ಭಕ್ತಿಯೆಲ್ಲ ಒಳಗಿಳಿದು ಗಟ್ಟಿಯಾಗಿತ್ತು. ವಿಭೂತಿಯಿಂದ ಪಿಸ್ತೂಲು ಕೆಟ್ಟಿತು ಎಂದು ಅತ್ತೆಯ ಎದುರು ಹೇಳುವ ಗುಂಡಿಗೆ ನಮ್ಮ ಮನೆಯಲ್ಲಿ ಯಾರಿಗಿತ್ತು?

ಅತ್ತೆ ನಡುಮನೆಯಲ್ಲಿ ಮಲಗಿದ್ದರು. ಮಾರುವ ದಿನ ಎಂಜಿನಿಯರ್ ಅದನ್ನು ಜಗಲಿಯ ಮೇಲೆ ಬಿಚ್ಚಿ ತೋರಿಸಿದ್ದನ್ನು ನಾನು ನೋಡಿದ್ದೆ. ಅವನು ಮಾಡಿದಂತೆಯೇ ತಿರುಗಿಸಿ ಎಳೆದೆ. ಮುಚ್ಚಳ ಬಂತು, ಅದರ ಜೊತೆಗೆ ಸ್ಪ್ರಿಂಗು ಚಿಮ್ಮಿ ನನ್ನ ಕಿವಿಯ ಪಕ್ಕದಲ್ಲೇ ಹಾರಿ ಹಿತ್ತಾಳೆ ಕೊಳಗಕ್ಕೆ ಟಣ್ಣೆಂದು ಬಡಿಯಿತು.

"ಏನೇ ಅದು?" ಎಂದರು ಅತ್ತೆ ಮಲಗಿದಲ್ಲಿಂದಲೇ.

"ಬೆಕ್ಕು ಕಣತ್ತೆ."

"ಹೊಡ್ದು ಓಡಿಸು ಅತ್ಲಾಗೆ."

ಬೆಕ್ಕಿಲ್ಲದ ಮನೆಯಲ್ಲಿ ಒಂದಷ್ಟು ಹೊತ್ತು ಬೆಕ್ಕನ್ನು ಓಡಿಸಿ, ಸ್ಪ್ರಿಂಗನ್ನು ಹುಡುಕಿಕೊಂಡೆ. ಪೊರಕೆ ಕಡ್ಡಿಗೆ ಹಳೇ ಸೀರೆಯ ಚೂರು ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ ಸಂದಿಗೊಂದಿಯನ್ನೆಲ್ಲ ಉಜ್ಜಿದೆ. ಜೋಡಿಸುವಾಗ ಸ್ಪ್ರಿಂಗು ಇನ್ನೊಮ್ಮೆ ಚಿಮ್ಮಿತು. ಈ ಸಲ ಸೆರಗಿನಲ್ಲಿ ಹಿಡಿದೆ. ಕೊನೆಗೆ ಮುಚ್ಚಳ ಸರ್ರನೆ ಹಿಂದೆ ಹೋಗಿ ಚಟ್ಟನೆ ಮುಂದೆ ಬಂದಾಗ ನನಗಾದ ಆನಂದ ಹೇಳತೀರದು.

ಸಂಜೆ ಮಾವನವರಿಗೆ, "ಪಿಸ್ತೂಲಿಗೆ ದೃಷ್ಟಿ ತೆಗ್ದಿದೀನಿ, ಇನ್ನೊಂದ್ಸಲ ನೋಡಿ," ಎಂದೆ. ಅವರು ನನ್ನ ಮುಖ ನೋಡಿದರು, ಪಿಸ್ತೂಲು ನೋಡಿದರು. ಹಿತ್ತಲಿಗೆ ಹೋಗಿ ಎರಡು ಗುಂಡು ಹಾರಿಸಿ ಬಂದು, "ಬೆಳಗ್ಗೆ ಹೊರಡಾನ," ಎಂದರು.

ಬೆಳಗ್ಗೆ ಗಾಡಿ ಕಟ್ಟಿ ನಿಂತಿತ್ತು. ಒಳಗಿನಿಂದ ಅತ್ತೆ ಪಿಸ್ತೂಲನ್ನು ತಟ್ಟೆಯಲ್ಲಿ ಹಿಡಿದು ತಂದರು. ಹರಳೆಣ್ಣೆ ತೊಟ್ಟಿಕ್ಕುತ್ತಿತ್ತು, ವಿಭೂತಿಯಲ್ಲಿ ಉಕ್ಕಿನ ಬಣ್ಣವೇ ಕಾಣುತ್ತಿರಲಿಲ್ಲ.

"ದೃಷ್ಟಿಯಾಗಿತ್ತಂತಲ್ಲ, ಅದ್ಕೇ ಚೆನ್ನಾಗಿ ಹಚ್ಚಿವ್ನಿ," ಎಂದರು.

ನಾನು ಬಾಯಿ ಬಿಟ್ಟರೆ ಪ್ರಯಾಣ ನಿಲ್ಲುತ್ತದೆ. ಮಾವನವರು ಅದನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸೇರಿಸಿದರು. ನಾನು ಗಾಡಿ ಹತ್ತಿದೆ. ಚನ್ನರಾಯನದುರ್ಗದ ಬೆಟ್ಟ ಕಂಡಾಗಿನಿಂದ ದಾರಿಯ ಪೊದೆಯೆಲ್ಲ ನನಗೆ ಕಳ್ಳರ ತಲೆಯಾಗಿ ಕಾಣತೊಡಗಿತು.

ಒಂದು ಹುಣಸೆಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಮಾವನವರು ಗಾಡಿಯವನನ್ನು ನೀರು ತರಲು ಅಟ್ಟಿದರು. ಪಿಸ್ತೂಲಿನಿಂದ ಗುಂಡುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಗಾಡಿಯ ಹುಲ್ಲಿನಡಿಗೆ ಕೈ ಹಾಕಿ ಒಂದು ಬುಡ್ಡಿ ಸೀಮೆಎಣ್ಣೆ, ಒಂದು ಹಳೇ ಪಂಚೆ ತುಂಡು, ನಾಲ್ಕಾರು ಪೊರಕೆ ಕಡ್ಡಿ ತೆಗೆದು ನನ್ನ ಮುಂದಿಟ್ಟರು.

"ಅವನು ಬರೋದ್ರೊಳ್ಗೆ ಬಿಚ್ಚಿ ಒರೆಸ್ಬುಡು ಮಗಾ. ನಂಗೆ ಬಿಚ್ಚಾಕೆ ಬರಾಕಿಲ್ಲ."

"ನಿಮಗೆ ಗೊತ್ತಿತ್ತಾ ಮಾವ?"

"ಸೀಮೆಎಣ್ಣೆ ವಾಸ್ನೆ ಊರಿಗೇ ಹೊಡೀತಿತ್ತು. ವಿಭೂತಿ ವಿಚಾರ ಅದಕ್ಕೂ ಮೊದ್ಲೇ ಗೊತ್ತಿತ್ತು."

ನನಗೆ ನಗುವಿನ ಜೊತೆಗೆ ಕೋಪವೂ ಬಂತು. "ನನ್ನ ತಂಗಿ ಮದುವೆ ತಪ್ಪಿ ಹೋಗ್ತಿತ್ತಲ್ಲ! ಅತ್ತೆಗೆ ಒಂದು ಮಾತು ಹೇಳೋಕಾಗ್ತಿರಲಿಲ್ವಾ?"

ಮಾವನವರು ದಾರಿಯ ಎರಡೂ ಕಡೆ ನೋಡಿ, ದನಿ ತಗ್ಗಿಸಿದರು.

"ಕಳ್ಳರ ಕೈಗೆ ಸಿಕ್ಕಿದ್ರೆ ಒಂದಿನದ ಪಾಡು ಕಣಮ್ಮ. ನಾನು ದಿನಾ ಆ ಮನೇಗೇ ಉಣ್ಣಾಕೆ ಹೋಗ್ಬೇಕು."