ಮಠದ ಕಡಗ ಮನೆಗೆ ಬಂದದ್ದು

ಹೆಂಡತಿ ತೀರಿಕೊಂಡ ಮೇಲೆ ಇಂಡಿ ಊರಿನ ನನ್ನ ಮನೆಯ ಬಾಗಿಲು ಬಡಿಯುವವರೇ ಇಲ್ಲವಾದರು. ಬರುತ್ತಿದ್ದವರೆಲ್ಲ ಅವಳನ್ನು ಮಾತಾಡಿಸಲು ಬರುತ್ತಿದ್ದರೆಂಬುದು ಆಗ ತಿಳಿಯಿತು. ಕರೆಗಂಟೆ ಹಾಕಿಸಿದೆ. ಅದನ್ನು ಒತ್ತುತ್ತಿದ್ದವನು ಕರೆಂಟ್ ಬಿಲ್ಲಿನವನೊಬ್ಬನೇ. ಅವನೂ ನಾನು ಬರುವಷ್ಟರಲ್ಲಿ ಬಿಲ್ಲು ಸಿಕ್ಕಿಸಿ ಕಾಲಿಗೆ ಬುದ್ಧಿ ಹೇಳುತ್ತಿದ್ದ.

ಅದೇ ಹೊತ್ತಿಗೆ ನಮ್ಮ ಓಣಿಯ ಮಠದ ಬಾಗಿಲಿಗೆ ಗೆದ್ದಲು ಹತ್ತಿ, ಹೊಸದು ಕೂಡಿಸಿದರು. ಹಳೆಯದರ ಮೇಲೆ ಹಿತ್ತಾಳೆಯ ಸಿಂಹದ ಮೋರೆಯೊಂದಿತ್ತು, ಬಾಯಲ್ಲಿ ದಪ್ಪ ಕಡಗ ಕಚ್ಚಿಕೊಂಡು. ಸುತ್ತ ಕಮಲದ ಆಕಾರದ ಮೊಳೆಗಳು. ಸಿಂಹ ಕಾವಲಿಗೆ, ಕಮಲ ಬಂದವರನ್ನು ಕರೆಯುವುದಕ್ಕೆ ಎಂದು ಹಿರಿಯರು ಹೇಳುತ್ತಿದ್ದರು. ಹೆದರಿಸುವುದೂ ಕರೆಯುವುದೂ ಒಂದೇ ಹಲಗೆಯ ಮೇಲೆ! ಚಿಕ್ಕವನಿದ್ದಾಗ ಆ ಕಡಗ ಬಡಿದರೆ ಒಳಗಿನಿಂದ ‘ಬರ್ರಿ’ ಎಂಬ ದನಿ ತಪ್ಪದೆ ಬರುತ್ತಿತ್ತು. ನನ್ನ ಬಾಗಿಲನ್ನೂ ಯಾರಾದರೂ ಹಾಗೆ ಬಡಿಯಲಿ, ನಾನೂ ‘ಬರ್ರಿ’ ಎನ್ನಬೇಕು ಎಂಬ ಆಸೆ ಹತ್ತಿತು. ಮಠದವರನ್ನು ಕಾಡಿ ಬೇಡಿ ಸಿಂಹವನ್ನು ಇಸಿದುಕೊಂಡೆ.

“ಎಷ್ಟ ಎತ್ತರಕ್ಕ ಕೂಡಿಸ್ಲಿರಿ?” ಎಂದು ಬಡಿಗ ಕೇಳಿದ.

“ತಳಗ ಕೂಡಿಸಪಾ, ಸಣ್ಣ ಹುಡುಗರಿಗೂ ಕೈ ನಿಲುಕಲಿ.”

ಮರುದಿನ ಮುಂಜಾನೆಯೇ ಕಡಗ ಅಲುಗಿದ ಸದ್ದು. ಚಹಾಕ್ಕೆ ನೀರಿಟ್ಟವನು ಹಾಗೇ ಬಿಟ್ಟು ಓಡಿದೆ. ಯಾರೂ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಕೊನೆಗೆ ಕಿಟಕಿಯಲ್ಲಿ ಕಾದು ನಿಂತೆ. ದಾರಿಯ ಮಂದಿ ಬರುತ್ತಾರೆ, ಕಡಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ತಮ್ಮ ಪಾಡಿಗೆ ತಾವು ನಡೆಯುತ್ತಾರೆ. ಯಾರೋ ಪುಣ್ಯಾತ್ಮರು ಸಿಂಹದ ಹಣೆಗೆ ಕುಂಕುಮವನ್ನೂ ಹಚ್ಚಿದ್ದರು. ಮೊದಲು ನಕ್ಕೆ. ದಿನ ಕಳೆದಂತೆ ಆ ಸದ್ದಿಗೆ ಸಂಕಟವಾಗತೊಡಗಿತು. ಮೊದಲು ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಈಗ ಬರುತ್ತಿದ್ದರು, ನನಗಾಗಿ ಅಲ್ಲ.

ಒಂದು ದಿನ ತಡೆಯಲಾಗಲಿಲ್ಲ. ಲಿಂಬೆಹಣ್ಣಿನ ಬುಟ್ಟಿ ಕೆಳಗಿಟ್ಟು ಹೆಣ್ಣುಮಗಳೊಬ್ಬಳು ಕಡಗ ಮುಟ್ಟುತ್ತಿದ್ದಾಗಲೇ ಬಾಗಿಲು ತೆರೆದೆ. ಅವಳು ಬೆಚ್ಚಿ ಹಿಂದೆ ಸರಿದಳು.

“ಒಳಗ ಬಾರವ್ವ, ಚಹಾ ಕುಡದ ಹೋಗು.”

“ಇಲ್ಲಿ ಮಂದಿ ಇರ್ತಾರೇನ್ರಿ ಯಪ್ಪಾ? ನನಗ ಗೊತ್ತ ಇರಲಿಲ್ರಿ.”

“ನಾ ಒಬ್ಬಾವ ಇರ್ತೇನಿ.”

ಅವಳು ಸೆರಗು ಸರಿಮಾಡಿಕೊಂಡಳು, ಬುಟ್ಟಿ ಎತ್ತಿಕೊಳ್ಳುವ ಮುಂಚೆ ನನಗೂ ಒಮ್ಮೆ ಕೈ ಮುಗಿದಳು, ಹೋದಳು.