ಗೋಣಿತಾಟಿನಲ್ಲಿ ಹಾರಿದ ರೇಡಿಯೊ

ವಿದೇಶಕ್ಕೆ ಹೋಗಿಬಂದವರು ಎಷ್ಟು ಊರು ನೋಡಿದೆವು, ಎಷ್ಟು ಫೋಟೊ ತೆಗೆದೆವು ಎಂದು ಹೇಳುತ್ತಾರೆ. ನನ್ನ ದಿನಚರಿಯ ಲೆಕ್ಕ ಬೇರೆ. ಮಸ್ಕತ್ತಿಗೆ ಹೋಗಿಬಂದ ಹದಿನಾಲ್ಕು ದಿನಗಳಲ್ಲಿ ನನ್ನ ಕೈಚೀಲ ನೋಡಿ "ಇದೇನು?" ಎಂದು ಕೇಳಿದವರು ಹದಿನೇಳು ಮಂದಿ. "ರೇಡಿಯೊ" ಎಂದಾಗ ನಂಬಿದವರು ಆರು. ಈ ಕಾಲದಲ್ಲಿ ಯಾರಾದರೂ ರೇಡಿಯೊ ಹೊತ್ತು ವಿಮಾನ ಹತ್ತುತ್ತಾರೆಯೇ ಎಂಬುದು ಉಳಿದ ಹನ್ನೊಂದು ಮಂದಿಯ ಸಂಶಯ. ತಪ್ಪಲ್ಲ.

ನಾನು ಪಿರಿಯಾಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸಂಜೆ ಬೆಟ್ಟದಪುರದ ಮನೆಗೆ ಬಂದು ಶಾರ್ಟ್‌ವೇವ್ ಕೇಳುತ್ತೇನೆ. ಯಾವ ದೇಶ, ಎಷ್ಟು ಹೊತ್ತಿಗೆ, ಎಷ್ಟು ಸ್ಪಷ್ಟ ಎಂದು ಬರೆದಿಡುತ್ತೇನೆ. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಕೆಳಗೇ ಮನೆಯಾದ್ದರಿಂದ ಪುಸ್ತಕದಲ್ಲಿ ಸಿಡಿಲಿಗೂ ಒಂದು ಕಾಲಂ ಇದೆ.

ಈ ಅಲೆಗಳ ಸ್ವಭಾವವೇ ವಿಚಿತ್ರ. ಹೊರಟ ಜಾಗದಿಂದ ಮೇಲೇರಿ, ಆಕಾಶದ ಒಂದು ಪದರಕ್ಕೆ ಬಡಿದು, ಎಷ್ಟೋ ದೂರ ಹೋಗಿ ಇಳಿಯುತ್ತವೆ. ನಡುವಿನ ಊರುಗಳಿಗೆ ಏನೂ ಕೇಳಿಸದು. ಮಕ್ಕಳಿಗೆ ಇದನ್ನು ವಿವರಿಸಲು ನಾನು ಚಿತ್ರ ಬರೆಯುವುದಿಲ್ಲ. ನಮ್ಮೂರಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರೂ ದೂರದ ರಾವಂದೂರಿಗೆ ಮೊದಲು ಗೊತ್ತಾಗುತ್ತದಲ್ಲ, ಪಕ್ಕದ ಮನೆಗೆ ಕೊನೆಗೆ? ಹಾಗೆ, ಎನ್ನುತ್ತೇನೆ. ತಕ್ಷಣ ಅರ್ಥವಾಗುತ್ತದೆ.

ಮಸ್ಕತ್ತಿನಲ್ಲಿ ಸವಿತಕ್ಕ ನರ್ಸ್. ನನ್ನ ದೊಡ್ಡಪ್ಪನ ಮಗಳು. ಬೇಸಿಗೆ ರಜೆಗೆ ಬಾ ಎಂದು ಕರೆದಾಗ ನನಗೆ ಮೊದಲು ಹೊಳೆದದ್ದು, ಇಲ್ಲಿಗೆ ತಲುಪದ ಸ್ಟೇಷನ್ನುಗಳು ಅಲ್ಲಿ ಸಿಕ್ಕಾವು ಎಂಬುದು. ಅಕ್ಕನ ನೆನಪಾದದ್ದು ಆಮೇಲೆ. ನನ್ನ ರೇಡಿಯೊ ಗಾತ್ರದಲ್ಲಿ ಟ್ರಂಕಿನಂಥದ್ದು. ದೊಡ್ಡಪ್ಪನದು ಚಿಕ್ಕದು, ಚರ್ಮದ ಕವಚದ್ದು. ಅವರು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಯಲ್ಲಿ ಇಪ್ಪತ್ತು ವರ್ಷ ನೇತಾಡಿ, ಘಾಟು ಕುಡಿದು ಕುಡಿದು ಅದೂ ಒಂದು ಎಲೆಯಂತಾಗಿದೆ. ಏಪ್ರಿಲಿನಲ್ಲಿ ಬ್ಯಾರನ್ ಖಾಲಿ. ಕೇಳಿದೆ, ಕೊಟ್ಟರು.

ನಾನು ಸಿದ್ಧನಾದ ಬಗೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಬ್ಯಾಟರಿ ಕೈಚೀಲದಲ್ಲೇ ಇರಬೇಕು ಎಂದು ಓದಿ ಬರೆದುಕೊಂಡೆ. ಇದು ಕೇಳುವ ಯಂತ್ರ, ಮಾತು ಕಳಿಸುವುದಲ್ಲ ಎಂದು ಮೂರು ಭಾಷೆಗಳಲ್ಲಿ ಟೈಪು ಮಾಡಿಸಿದೆ. ಒಟ್ಟು ಕಾಗದ ಒಂಬತ್ತು.

ಹೊರಡುವ ಶನಿವಾರ ಬೆಳಿಗ್ಗೆ ನೋಡಿದರೆ ದೊಡ್ಡಪ್ಪ ರೇಡಿಯೊವನ್ನು ಹೊಗೆಸೊಪ್ಪಿನ ಬೇಲ್, ಅಂದರೆ ಹರಾಜಿಗೆ ಕಳಿಸುವ ಮೂಟೆಯಂತೆ ಪ್ಯಾಕು ಮಾಡಿದ್ದರು. ಹತ್ತು ಮೀಟರಿನ ಆಂಟೆನಾ ತಂತಿಯನ್ನು ಅದರ ಮೈಗೆ ಸುತ್ತಿ, ಮೇಲೆ ಗೋಣಿತಾಟು ಹೊದಿಸಿ, ದಬ್ಬಣದಿಂದ ಹುರಿಯ ಸರಪಳಿ ಹೊಲಿಗೆ ಹಾಕಿ, ಒಂದು ಚೀಟಿಯಲ್ಲಿ ತೂಕವನ್ನೂ ಬರೆದಿದ್ದರು. ತೂಕ ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ ಬೇರೇನೂ ಯೋಚಿಸಲಿಲ್ಲ.

"ಧೂಳ್ ಕೂರ್ದಂಗೆ ಕಟ್ಟಿವ್ನಿ. ಮಸ್ಕತ್ ಮುಟ್ಟೋಗಂಟ ಬುಚ್ಬ್ಯಾಡ," ಎಂದರು.

ದೊಡ್ಡಮ್ಮ ಒಳಗಿನಿಂದ, "ಮಗ್ಳು ಫೋನ್ ಮಾಡುದ್ರೆ 'ಉಂಡ್ಯಾ' ಅನ್ನೋದ್ ಬುಟ್ರೆ ಇನ್ನೊಂದ್ ಮಾತಿಲ್ಲ. ರೇಡಿಯಾಗ್ ನೋಡು, ಎಂಥಾ ಸಿಂಗಾರ!" ಎಂದರು.

ವಿದೇಶಕ್ಕೆ ಹೋಗಲು ನಮಗೆ ಹತ್ತಿರದ ವಿಮಾನ ನಿಲ್ದಾಣ ಕೇರಳದ ಕಣ್ಣೂರು. ತಪಾಸಣೆಯಲ್ಲಿ ನನ್ನ ಚೀಲ ನಿಂತಿತು. ಪರದೆಯ ಮೇಲೆ ಕಂಡದ್ದು ಗೋಣಿಯಲ್ಲಿ ಹೊಲಿದ ಪೆಟ್ಟಿಗೆ, ಸುತ್ತ ತಂತಿ, ಪಕ್ಕದಲ್ಲಿ ನಾಲ್ಕು ಬ್ಯಾಟರಿ. ಆ ಕುರ್ಚಿಯಲ್ಲಿ ನಾನಿದ್ದಿದ್ದರೆ ನನ್ನನ್ನು ನಾನೇ ಹಿಡಿದುಕೊಡುತ್ತಿದ್ದೆ. ಒಂಬತ್ತು ಕಾಗದ ಮುಂದಿಟ್ಟೆ. ಮಹಿಳಾ ಅಧಿಕಾರಿ ಒಂದನ್ನೂ ಓದದೆ, ಬಿಚ್ಚಿ ಎಂದರು. ಗಂಟೇ ಸಿಗಲಿಲ್ಲ. ಅವರು ಪ್ರಯಾಣಿಕರಿಂದ ತೆಗೆದಿಟ್ಟಿದ್ದ ಕತ್ತರಿಗಳ ಬುಟ್ಟಿಗೆ ಕೈಹಾಕಿದರು. ಹೊಲಿಗೆಯ ಕೆಳಗೇ ಆಂಟೆನಾ ತಂತಿ! ನನ್ನ ಹೈಸ್ಕೂಲ್ ಹಿಂದಿಯಲ್ಲಿ ಎರಡು ನಿಮಿಷ ಬೇಡಿಕೊಂಡು ದೊಡ್ಡಪ್ಪನಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಲು ಅಧಿಕಾರಿ ಹೇಳಿದರು. ಹಿಂದಿನ ಸಾಲಿನವರೆಲ್ಲ ಕಿವಿಯಾದರು.

"ದೊಡ್ಡಪ್ಪ, ಹೊಲಿಗೆ ಬಿಚ್ಚೋದೆಂಗೆ?"

"ಇಷ್ಟ್ ಬಿರ್ನೆ ಮಸ್ಕತ್ ಬಂತೇನ್ಲಾ?"

"ಕಣ್ಣೂರಲ್ಲೇ ಇವ್ನಿ. ಬಿಚ್ಚಿ ತೋರ್ಸು ಅಂತಾವ್ರೆ. ಇಲ್ದಿದ್ರೆ ಕತ್ತರಿ ಆಕ್ತಾರಂತೆ."



"ಅದು ನೀನ್ ಬುಚ್ಚಾಕಲ್ಲ ಕಣ್ಲಾ. ಸವಿತಾ ಬುಚ್ಲಿ ಅಂತ ಹೊಲ್ದಿದ್ದು. ಚಿಕ್ಕೋಳಿದ್ದಾಗ ನಾನ್ ಬೇಲ್ ಹೊಲಿಯೋದು, ಅವ್ಳು ಹುರಿ ಬಾಲ ಎಳ್ದು ಓಡೋದು. ಎಷ್ಟ್ ಬೈಸ್ಕೊಂಡವ್ಳೋ... ಓಗ್ಲಿ ಬುಡು. ಎಡಗಡೆ ಮೂಲೇಲಿ ಬಾಲ ಐತೆ, ಎಳಿ. ತಾಟು, ಹುರಿ ಬಿಸಾಕ್ಬ್ಯಾಡ."

ಎಳೆದೆ. ಹೊಲಿಗೆಯೆಲ್ಲ ಸರ್ರನೆ ಬಿಟ್ಟುಕೊಂಡಿತು. ಇಪ್ಪತ್ತು ವರ್ಷದ ಘಾಟು ಒಟ್ಟಿಗೆ ಎದ್ದು ಅಧಿಕಾರಿ ಎರಡು ಸಲ ಸೀನಿದರು. ರೇಡಿಯೊ ಹಾಕಿಸಿ, ಗರಗರ ಸದ್ದು ಕೇಳಿ, ಫೋನಿನ ಕಡೆ ಕೈತೋರಿಸಿ ಅಪ್ಪನೇ ಎಂದು ಮಲಯಾಳದಲ್ಲಿ ಕೇಳಿದರು. ದೊಡ್ಡಪ್ಪನಿಗೆ ಮಲಯಾಳದಲ್ಲಿ ಏನೆನ್ನುತ್ತಾರೋ ತಿಳಿಯದೆ ಹೌದೆಂದು ತಲೆಯಾಡಿಸಿದೆ. ಅವರು ತಾಟನ್ನು ತಾವೇ ನೀಟಾಗಿ ಮಡಿಸಿ ಕೊಟ್ಟರು.

ವಿಮಾನದಲ್ಲಿ ಮೂರು ಗಂಟೆ ನನಗೆ ಒಂದೇ ಚಿಂತೆ. ಯಾರಿಗೋ ಹೊರಟ ಸುದ್ದಿಯನ್ನು ನಡುವೆಯೇ ಒಡೆದು ಓದಿದ ಟಪಾಲಿನವನಂತೆ ಆಗಿದ್ದೆ. ಬರೆದುಕೊಳ್ಳುವವನೆಂದು ಹೆಸರು ನನ್ನದು. ದೊಡ್ಡಪ್ಪನ ಬಾಯಿಂದ ಬಂದ "ಮಸ್ಕತ್ ಮುಟ್ಟೋಗಂಟ" ಎಂಬುದೊಂದನ್ನು ಮಾತ್ರ ಬರೆದುಕೊಂಡಿರಲಿಲ್ಲ.

ಬಾಗಿಲಲ್ಲೇ ಸವಿತಕ್ಕನ ಕೈಗೆ ತಾಟು, ಹುರಿ ಕೊಟ್ಟು ತಪ್ಪೊಪ್ಪಿಕೊಂಡೆ. ಅವಳು ತಾಟನ್ನು ಮೂಗಿಗೆ ಹಿಡಿದಳು. ನನಗೆ ನೀರು ಕೊಡುವುದನ್ನೂ ಮರೆತು ಸೋಫಾದಲ್ಲಿ ಕೂತು, ತಲೆಯ ಹೇರ್‌ಪಿನ್ ತೆಗೆದು, ಹಳೆಯ ತೂತುಗಳಲ್ಲೇ ಹುರಿ ಪೋಣಿಸತೊಡಗಿದಳು.

"ಅಕ್ಕ, ಬರುತ್ತಾ ನಿಂಗೆ?"

"ದಿನಾ ಹೊಲಿಗೆ ನೋಡೋಳು ಕಣೋ ನಾನು. ಸುಮ್ನೆ ಕೂರು."

ರೇಡಿಯೊ ಮತ್ತೆ ಬೇಲಾಯಿತು. ಎಡಮೂಲೆಯ ಬಾಲ ಹುಡುಕಿ ಎಳೆದಳು. ಸರ್! ಮೂವತ್ತೆರಡು ವರ್ಷದ ಹೆಂಗಸು ಬಾಲ ಹಿಡಿದು ಅಡಿಗೆಮನೆಯವರೆಗೆ ಓಡಿದಳು. ಬಂದು, ಇನ್ನೊಂದು ಸಲ ಹೊಲಿದಳು.

ಆ ತಾರಸಿಯಲ್ಲಿ, ಬಟ್ಟೆ ಒಣಗಿಸುವ ತಂತಿಗೆ ಆಂಟೆನಾ ಕಟ್ಟಿ, ಸಂಜೆ ಸಂಜೆ ನಾನು ಹಿಡಿದ ಸ್ಟೇಷನ್ ಇಪ್ಪತ್ತಮೂರು. ಅವುಗಳಲ್ಲಿ ಎಂಟು ಬೆಟ್ಟದಪುರಕ್ಕೆ ಎಂದೂ ತಲುಪದವು. ಊರಿಗೆ ಬಂದು ಈ ಅಂಕಿಗಳನ್ನು ಓದಿ ಹೇಳಿದೆ. ದೊಡ್ಡಪ್ಪ ರೇಡಿಯೊವನ್ನು ಮೊಳೆಗೆ ನೇತುಹಾಕುತ್ತಾ, ನನ್ನ ಕಡೆ ನೋಡದೆ ಕೇಳಿದರು:

"ಅವ್ಳು ಬುಚ್ಚುದ್ಲಾ?"

"ಎರಡ್ ಸಲ. ಮತ್ತೆ ಹೊಲ್ದು ಹೊಲ್ದು ಬುಚ್ಚುದ್ಲು. ತಾಟು, ಹುರಿ ಕೊಡ್ನಿಲ್ಲ, ಅವ್ಳೇ ಇಟ್ಕೊಂಡ್ಳು."

"ಬೈಯೋರಿಲ್ಲ ಅಲ್ಲಿ, ಅದ್ಕೇಯ," ಎಂದವರು ನನ್ನ ಫೋನ್ ಕಿತ್ತುಕೊಂಡು, ಮಗಳ ನಂಬರು ಒತ್ತಿಸಿ, "ಏನವ್ವಾ, ನನ್ ಒಳ್ಳೇ ಹುರಿನೆಲ್ಲಾ ಆಳ್ ಮಾಡ್ದಂತೆ?" ಎಂದು ಶುರು ಮಾಡಿದರು.

ಬೈಗುಳ ಹನ್ನೊಂದು ನಿಮಿಷ ನಡೆಯಿತು. "ಉಂಡ್ಯಾ" ಎಂದು ಕೇಳಲು ಮರೆತೇಹೋಯಿತು. ನನ್ನ ಪುಸ್ತಕದಲ್ಲಿ ಸ್ಪಷ್ಟತೆಗೆ ಐದಕ್ಕಿಂತ ಹೆಚ್ಚು ಅಂಕವಿಲ್ಲ. ಆ ಸಂಜೆಯ ಸಾಲಿಗೆ ಆರು ಹಾಕಿದ್ದೇನೆ.