ಅಮೃತಮಹಲ್ ದನ ಒಣಮೀನು ತಿನ್ನುವುದಿಲ್ಲ

1962ರಲ್ಲಿ ನಾನು ಅಜ್ಜಂಪುರದಲ್ಲಿ ವೆಟರ್ನರಿ ಡಾಕ್ಟರ್ ಆಗಿದ್ದೆ. ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವ, ಅರಸರ ಕಾಲದಿಂದ ಹೆಸರಾದ ಅಮೃತಮಹಲ್ ದನಗಳ ಜೊತೆ ಕೆಲಸ ಮಾಡಬೇಕೆಂಬ ಆಸೆಯಿಂದ ಈ ವಿದ್ಯೆ ಕಲಿತವನು. ನನ್ನ ಪಾಲಿಗೆ ಬಂದದ್ದು ಹಂದಿ ಸಾಕಣೆ ಯೋಜನೆ. ಸಿಂಗಟಗೆರೆಯ ನಮ್ಮದು ಲಿಂಗ ಕಟ್ಟುವ ಮನೆತನ, ಮಠಕ್ಕೆ ನಡೆದುಕೊಳ್ಳುವವರು. ಮೊಟ್ಟೆಯ ಮಾತೂ ಅಡುಗೆಮನೆಯಲ್ಲಿ ಬರುತ್ತಿರಲಿಲ್ಲ. ಅಪ್ಪ ನೆಂಟರಿಗೆಲ್ಲ "ನಮ್ಮುಡುಗ ಅಮೃತಮಹಲ್ ದನ ನೋಡ್ಕೋತಾನೆ" ಎಂದು ಹೇಳಿಕೊಂಡು ಬಂದಿದ್ದರು. ನಾನು ತಿದ್ದಲು ಹೋಗಲಿಲ್ಲ. ಊರಿಗೆ ಹೋಗುವ ಮುನ್ನ ಸೀಗೆಪುಡಿ ಹಾಕಿ ಮೈ ಉಜ್ಜಿಕೊಳ್ಳುತ್ತಿದ್ದೆ. ಆದರೂ ಬಸ್ಸಿನಲ್ಲಿ ಪಕ್ಕದವರು ಮೂಗು ತಿರುಗಿಸಿದರೆ ನನ್ನಿಂದಲೇ ಎನಿಸುತ್ತಿತ್ತು.

ಊರಾಚೆ ಕಲ್ಲು ಒಡೆಯುವವರ ಕೇರಿಯಲ್ಲಿ ಹನುಮವ್ವ ಎಂಬ ವಿಧವೆ ಇದ್ದಳು. ಯೋಜನೆಯಿಂದ ಅವಳಿಗೊಂದು ಬಿಳಿ ಸೀಮೆಹಂದಿ ಸಿಕ್ಕಿತ್ತು. ಅದು ಈದ ಮರಿಗಳು ಹಾಲು ಬಿಟ್ಟ ಮೇಲೆ ಬೆಳೆಯುವುದನ್ನೇ ನಿಲ್ಲಿಸಿದವು. ಹೊಟ್ಟೆ ಡುಬ್ಬ, ಕಾಲು ಕಡ್ಡಿ. ಮೇಲಧಿಕಾರಿ ಬಂದು ನೋಡಿ, ತಾನು ಮತ್ತೆ ಬರುವ ಹೊತ್ತಿಗೆ ಮರಿಗಳು ಸುಧಾರಿಸದಿದ್ದರೆ ತಾಯಿಹಂದಿಯನ್ನು ಬೇರೆಯವರಿಗೆ ಕೊಡುವುದಾಗಿ ಹೇಳಿ ಹೋದರು.

"ಅದನ್ನ ಕಿತ್ಕೊಂಡ್ರೆ ನಾನು ತಿರ್ಗ ಕ್ವಾರಿಗೆ ಹೋಗ್ಬೇಕು ಸ್ವಾಮಿ. ನನ್ನ ಚಿಕ್ಕ ಮಗ ಇನ್ನೂ ಎದೆಹಾಲು ಬಿಟ್ಟಿಲ್ಲ" ಎಂದಳು ಹನುಮವ್ವ.

ಆಗ ಹಾರ್ಮೋನ್ ಎಂದರೆ ನಮ್ಮಂಥ ಹೊಸಬರಿಗೆ ಮಂತ್ರದಂಡ. ಮರಿಗಳಿಗೆ ಥೈರಾಯ್ಡ್ ಸಾಲದಾಗಿದೆ ಎಂದುಕೊಂಡು ಎರಡು ಮರಿಗಳಿಗೆ ಅದರ ಮಾತ್ರೆ ಅರೆದು ಕುಡಿಸಿದೆ. ಮರಿಗಳು ಚುರುಕಾದವು, ತೊಟ್ಟಿಯನ್ನು ನೆಕ್ಕಿ ನೆಕ್ಕಿ ತಿಂದವು. ನನಗೋ ಹಿಗ್ಗೋ ಹಿಗ್ಗು. ವಾರದ ಮೇಲೆ ತಕ್ಕಡಿಗೆ ಹಾಕಿದರೆ ಇದ್ದ ತೂಕವೂ ಇಳಿದಿತ್ತು.

ರೂಮಿಗೆ ಬಂದು ಪಾಠದ ಪುಸ್ತಕ ತೆಗೆದೆ. ಎಳೆಯ ಹಂದಿಯ ಮೈಯಲ್ಲಿ ಮಾಂಸ ಕಟ್ಟಲು ಪಿಟ್ಯುಟರಿ ಗ್ರಂಥಿಯ ಬೆಳವಣಿಗೆ ಹಾರ್ಮೋನ್, ಇನ್ಸುಲಿನ್, ಥೈರಾಯ್ಡ್ ಎಲ್ಲವೂ ಬೇಕು, ನಿಜ. ಆದರೆ ಅವು ಮೇಸ್ತ್ರಿಗಳಿದ್ದ ಹಾಗೆ. ಇಟ್ಟಿಗೆ ಬರಬೇಕಾದದ್ದು ಆಹಾರದ ಪ್ರೋಟೀನಿನಿಂದ. ಇಟ್ಟಿಗೆ ಇಲ್ಲದೆ ಥೈರಾಯ್ಡ್ ಹೆಚ್ಚಾದರೆ ದೇಹ ತನ್ನದೇ ಮಾಂಸಖಂಡವನ್ನು ಒಡೆದು ಉರಿಸುತ್ತದೆ. ಹನುಮವ್ವನ ಮರಿಗಳು ತಿನ್ನುತ್ತಿದ್ದದ್ದು ತೌಡು ಮತ್ತು ಗಂಜಿ. ಮಾತ್ರೆ ನಿಲ್ಲಿಸಿದೆ. ಒಣಮೀನು ಕುಟ್ಟಿ ತೌಡಿಗೆ ಬೆರೆಸಿ ಕೊಡಲು ಹೇಳಿದೆ.

ಮುಂದಿನ ವಾರವೂ ತೂಕ ಏರಲಿಲ್ಲ.

"ಮೀನು ತರ್ಲಿಲ್ವೇನಮ್ಮಾ?" ಎಂದೆ.

ಹನುಮವ್ವ ತಲೆ ಎತ್ತಲಿಲ್ಲ. "ತಂದಿದ್ದೆ ಸ್ವಾಮಿ. ಹುಡುಗ್ರು ನೋಡ್ತಾ ಕುಂತಿದ್ವು. ಅವುಗಳ ಮುಂದೆ ಹಂದಿಗೆ ಹೆಂಗೆ ಹಾಕ್ಲಿ? ಸಾರು ಮಾಡ್ಬಿಟ್ಟೆ."

ಅಷ್ಟು ಹೇಳುವ ಹೊತ್ತಿಗೆ ಅವಳು ಕುಗ್ಗಿಹೋಗಿದ್ದಳು. ನಾನು "ಆಗ್ಲಿ ಬಿಡು" ಎಂದು ಎದ್ದು ಬಂದೆ. ನಾನೇ ಮೀನು ತಂದು, ನಾನೇ ನಿಂತು ತಿನ್ನಿಸುವುದು ಎಂದು ತೀರ್ಮಾನಿಸಿದೆ. ಜಾಣ ಉಪಾಯ ಎಂದು ಬೆನ್ನು ತಟ್ಟಿಕೊಂಡೆ ಕೂಡ.

ಸಂತೆಯ ದಿನ ವಿಭೂತಿ ಒರೆಸಿಕೊಂಡು, ಲಿಂಗದ ದಾರ ಕಾಣದಂತೆ ಕಾಲರ್ ಏರಿಸಿ, ಒಣಮೀನಿನ ಸಾಲಿಗೆ ಹೋದೆ. ಬೆಲೆಯನ್ನೂ ಕೇಳದೆ ಮೀನು ತೂಗಿಸಿದೆ. ಕಟ್ಟಿಸಿಕೊಂಡು ತಿರುಗುತ್ತೇನೆ, ಎದುರಿಗೆ ಅಪ್ಪ! ಬೀರೂರಿನಲ್ಲಿ ರೈಲು ಹತ್ತಿ ನನ್ನನ್ನು ನೋಡಲು ಬಂದಿದ್ದರು. ಹೆಗಲ ಮೇಲೆ ಅವ್ವ ಕೊಟ್ಟು ಕಳಿಸಿದ್ದ ಹುರುಳಿಯ ಚೀಲ.

ಅಪ್ಪ ಪೊಟ್ಟಣ ನೋಡಿದರು. ನನ್ನ ಮುಖ ನೋಡಿದರು. "ಏನಪ್ಪಾ, ಅಮೃತಮಹಲ್ ದನ ಒಣಮೀನೂ ತಿಂತಾವಾ?"

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮೀನು ಮಾರುವ ಹೆಂಗಸು ಬೇರೆ ನಗುತ್ತಿದ್ದಳು. ಅಲ್ಲೇ ನಿಂತು ಎಲ್ಲ ಹೇಳಿದೆ. ಹಂದಿ, ಮರಿ, ಮಾತ್ರೆ, ಹನುಮವ್ವನ ಮಕ್ಕಳು ಮೀನು ತಿಂದದ್ದು, ನಾನೇ ನಿಂತು ತಿನ್ನಿಸಲು ಹೊರಟದ್ದು. ಬೈಯುತ್ತಾರೆ, ಬೆನ್ನು ತಿರುಗಿಸಿ ಹೋಗುತ್ತಾರೆ ಎಂದು ಕಾದೆ.

"ನೀನು ಮರಿಗೆ ತಿನ್ಸೋವಾಗ ಆ ಹುಡುಗ್ರು ಎಲ್ಲಿರ್ತಾವೆ?" ಎಂದರು ಅಪ್ಪ.

ಆಗ ಕಣ್ಣ ಮುಂದೆ ಬಂದದ್ದು ಹನುಮವ್ವನ ಚಿಕ್ಕ ಮಗು. ಅದರದೂ ಡುಬ್ಬ ಹೊಟ್ಟೆ, ಕಡ್ಡಿ ಕಾಲು. ಮರಿಗಳನ್ನು ತೂಗುವಾಗೆಲ್ಲ ಅದು ತಕ್ಕಡಿ ಹಿಡಿದು ನಿಲ್ಲುತ್ತಿತ್ತು. ನಾನು "ಸರಿಯೋ ಆಚೆ" ಎನ್ನುತ್ತಿದ್ದೆ. ಹಂದಿಮರಿಯಲ್ಲಿ ಪ್ರೋಟೀನಿನ ಕೊರತೆ ಗುರುತಿಸಿದ ಡಾಕ್ಟರ್ ನಾನು! ಹಂದಿಯ ಕೆಲಸಕ್ಕೆ ಅಷ್ಟು ದಿನ ಪಟ್ಟ ನಾಚಿಕೆಯೆಲ್ಲ ಆ ಕ್ಷಣ ಬರೀ ಬೂಟಾಟಿಕೆ ಎನಿಸಿತು. ನಿಜವಾದ ನಾಚಿಕೆ ಆಗ ಶುರುವಾಯಿತು.

ಅಪ್ಪ ಚೀಲವನ್ನು ನನ್ನ ಹೆಗಲಿಗೆ ದಾಟಿಸಿದರು. "ಇದು ಹುಡುಗ್ರಿಗೆ. ಬೇಯ್ಸಿ ಕೊಡಕ್ಕೇಳು. ಅವು ತಿಂದಮೇಲೆ ನಿನ್ನ ಮರಿಗೆ ಮೀನು ಹಾಕು." ಆಮೇಲೆ ಮೂಗಿಗೆ ಟವೆಲ್ ಹಿಡಿದುಕೊಂಡು, ನನ್ನಿಂದ ನಾಲ್ಕು ಮಾರು ದೂರದಲ್ಲೇ ಕೇರಿಯವರೆಗೂ ಬಂದರು.

ಹುರುಳಿ ಮುಗಿದಾಗ ಅವ್ವ ಮತ್ತೆ ಕಳಿಸಿದಳು. ಮರಿಗಳು ಮೈಗೂಡಿದವು. ತಾಯಿಹಂದಿ ಹನುಮವ್ವನಲ್ಲೇ ಉಳಿಯಿತು. ಅಧಿಕಾರಿ ನನ್ನ ಬೆನ್ನು ತಟ್ಟಿ ಹೋದರು. ಆ ಹೊಗಳಿಕೆ ಕೇಳುವಾಗ ನೆಲ ನೋಡುತ್ತಿದ್ದೆ. ಊರಿನಲ್ಲಿ ನೆಂಟರು ಕೇಳಿದರೆ ಅಪ್ಪ ಆಮೇಲೆ "ಹಂದಿ ಡಾಕ್ಟ್ರು ಕಣ್ರೀ" ಎಂದುಬಿಡುತ್ತಿದ್ದರಂತೆ.

ಬೆಳೆಯುವ ದೇಹಕ್ಕೆ ಬರೀ ಮೇಸ್ತ್ರಿಯ ಅಪ್ಪಣೆ ಸಾಲದು, ಅನ್ನ ಬೇಕು ಎಂಬುದನ್ನು ಪುಸ್ತಕವೇ ಹೇಳಿತ್ತು. ಯಾರ ದೇಹ ಎಂದು ನೋಡುವುದನ್ನು ಮಾತ್ರ ಕೆಲಸ ಕಲಿಸಿತು. ನಿವೃತ್ತನಾಗುವವರೆಗೂ ಯಾವ ಮನೆಗೆ ಹೋದರೂ ಮೇವಿನ ಚೀಟಿ ಬರೆಯುವ ಮುನ್ನ "ಮಕ್ಕಳು ಎಲ್ಲಮ್ಮಾ?" ಎಂದು ಕೇಳುತ್ತಿದ್ದೆ. ಡಾಕ್ಟರಿಗೆ ಮಕ್ಕಳೆಂದರೆ ಪ್ರೀತಿ ಎಂದುಕೊಳ್ಳುತ್ತಿದ್ದರು. ನನಗೆ ಮಾತ್ರ ಪ್ರತಿ ಸಲವೂ ಮುಖ ಬಿಸಿಯಾಗುತ್ತಿತ್ತು.